ಆರಾಮ ಬೇರೆ, ಸಮಾಧಾನ ಬೇರೆ

2011ರ ಮಳೆಗಾಲ. ಬಳ್ಳಾರಿಯಲ್ಲಿ ನಮ್ಮ ಮನೆ ಎದುರಿನ ಬೇವಿನ ಮರದ ಕೆಳಗೆ ಒಂದು ಲಾರಿ ನಿಂತಿತ್ತು. ಅಪ್ಪನ ಲಾರಿ. ಸಂಡೂರು ಕಡೆಯಿಂದ ಅದಿರು ಹೊರುತ್ತಿದ್ದ ಗಾಡಿ. ಆ ವರ್ಷ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಬೇಕಾಗಿತ್ತು, ಬಿಡಿ. ಗುಡ್ಡ ಬಗೆದಿದ್ದನ್ನು ನಾವೇ ಕಣ್ಣಾರೆ ಕಂಡಿದ್ದೆವು. ಆದರೆ ಆ ಪೆಟ್ಟು ದೊಡ್ಡ ದೊಡ್ಡ ಧಣಿಗಳ ಜೊತೆಗೆ, ಒಂದೇ ಒಂದು ಲಾರಿ ಇಟ್ಟುಕೊಂಡು ತಿಂಗಳ ಕಂತು ಕಟ್ಟುತ್ತಿದ್ದವರ ಬೆನ್ನಿಗೂ ಬಿತ್ತು.

ಮೊದಲ ಒಂದು ತಿಂಗಳು ಅಪ್ಪ ದಿನಾ ಸಂಜೆ ಹೋಗಿ ಲಾರಿ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಹಾಗೇ ಬಿಟ್ಟು, ಆಮೇಲೆ ಆಫ್ ಮಾಡಿ ಬರುತ್ತಿದ್ದರು. ಬ್ಯಾಟರಿ ಇಳಿದುಹೋಗಬಾರದು ಅಂತ. ಆಮೇಲೆ ಡೀಸೆಲ್ ದಂಡ ಅಂತ ಅದನ್ನೂ ಬಿಟ್ಟರು. ಚಕ್ರದ ಸುತ್ತ ಹುಲ್ಲು ಬೆಳೆಯಿತು. ಓಣಿಯ ಕೋಳಿಗಳು ಲಾರಿ ಅಡಿಯಲ್ಲಿ ಮೊಟ್ಟೆ ಇಡೋಕೆ ಶುರು ಮಾಡಿದವು. ಫೈನಾನ್ಸಿನವರು ಬಂದಾಗ ಅಮ್ಮ ಒಳಗಿನಿಂದಲೇ "ಅವರು ಊರಲ್ಲಿಲ್ಲ" ಅನ್ನುತ್ತಿದ್ದರು. ಅಪ್ಪ ಹಿತ್ತಲಲ್ಲಿ ಕೂತಿರುತ್ತಿದ್ದರು.

ನಮ್ಮದು ಕ್ರೈಸ್ತ ಮನೆ. ಭಾನುವಾರ ಚರ್ಚು, ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ, ಗೋಡೆ ಮೇಲೆ ಚರ್ಚಿನವರು ಕೊಟ್ಟ ಕ್ಯಾಲೆಂಡರ್. ಆ ವರ್ಷದ ಕ್ಯಾಲೆಂಡರಿನಲ್ಲಿ ಬೈಬಲ್ಲಿನ ಯೆರೆಮೀಯ ಅನ್ನೋ ಪ್ರವಾದಿಯ ಪುಸ್ತಕದ 29ನೇ ಅಧ್ಯಾಯದ 11ನೇ ವಚನ ಅಚ್ಚಾಗಿತ್ತು. ನಿಮಗಾಗಿ ನಾನಿಟ್ಟುಕೊಂಡಿರುವ ಯೋಚನೆ ಕೇಡಿನದಲ್ಲ, ಹಿತದ್ದೇ, ನಿಮಗೆ ಒಳ್ಳೇ ಮುಂದಿನ ದಿನಗಳನ್ನು ಕೊಡುತ್ತೇನೆ ಅನ್ನೋ ಅರ್ಥದ ಮಾತು. ಒಂದು ಸಂಜೆ ಅಪ್ಪ ಅದರ ಮುಂದೆ ನಿಂತು, "ಯಾವ ತಿಂಗಳಿಗೆ ಅಂತ ಹಾಕಿಲ್ಲ ನೋಡು" ಅಂದರು. ನಕ್ಕಿದ್ದು ನಾನೊಬ್ಬನೇ.

ಈ ಲೇಖನ ಆ ಪ್ರಶ್ನೆಯ ಬಗ್ಗೆ. ಕ್ರೈಸ್ತ ನಂಬಿಕೆ ಕಷ್ಟದಲ್ಲೂ ಶಾಂತಿ ಕೊಡುತ್ತೆ ಅಂತ ಚರ್ಚಿನಲ್ಲಿ ಪ್ರತಿ ವಾರ ಕೇಳುತ್ತೇವೆ. ಹಾಗಂದ್ರೆ ಏನು? ಕಂತು ತಾನಾಗಿ ತೀರುತ್ತಾ? ಮನಸ್ಸು ಮರಗಟ್ಟುತ್ತಾ? ನಾಳೆ ಏನು ಅಂತ ಗೊತ್ತಾಗುತ್ತಾ? ಮೂರೂ ಇಲ್ಲ. ಹಾಗಾದರೆ ಏನು ಸಿಗುತ್ತೆ ಅನ್ನೋದನ್ನು ಬೈಬಲ್ಲಿನ ಒಳಗಿನಿಂದಲೇ ಬಿಡಿಸಿ ನೋಡೋಣ. ಕ್ರೈಸ್ತರಲ್ಲದವರಿಗೂ ಅರ್ಥವಾಗುವ ಹಾಗೆ ಹೇಳೋಕೆ ನೋಡುತ್ತೇನೆ.

ಶಾಲೋಮ್ ಅನ್ನೋ ಪದ

ನಮ್ಮ ಕಡೆ ಯಾರಾದರೂ ಎದುರು ಸಿಕ್ಕರೆ ಮೊದಲು ಕೇಳೋದು "ಆರಾಮ ಏನ್ರಿ?" ಅಂತ. ಜ್ವರ ಬಂದರೆ "ಆರಾಮಿಲ್ಲ" ಅನ್ನುತ್ತೇವೆ. ಹೀಬ್ರೂ ಭಾಷೆಯಲ್ಲಿ ಇದೇ ಕೆಲಸ ಮಾಡುವ ಪದ ಶಾಲೋಮ್. ಬೈಬಲ್ಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯಲ್ಲಿ ಯಾಕೋಬ ಬಾವಿಯ ಹತ್ತಿರ ಕುರುಬರನ್ನು ಕಂಡು ತನ್ನ ಮಾವ ಲಾಬಾನನ ಬಗ್ಗೆ ವಿಚಾರಿಸುತ್ತಾನೆ: ಅವನಿಗೆ ಶಾಲೋಮಾ? ಅಂದರೆ, ಆರಾಮ ಇದ್ದಾನಾ? ದಾವೀದ ರಾಜ ಯುದ್ಧದಿಂದ ಬಂದ ತನ್ನ ಸೈನಿಕ ಊರೀಯನ ಹತ್ತಿರ ಯುದ್ಧದ ಶಾಲೋಮ್ ಹೇಗಿದೆ ಅಂತ ಕೇಳುತ್ತಾನೆ. ಯುದ್ಧದ ಶಾಂತಿ! ಕನ್ನಡದಲ್ಲಿ ಹಾಗೆ ಹೇಳಿದರೆ ನಗೆಪಾಟಲು. ಯಾಕಂದ್ರೆ ನಮಗೆ ಶಾಂತಿ ಅಂದರೆ ಗದ್ದಲ ಇಲ್ಲದಿರೋದು. ಶಾಲೋಮ್ ಅಂದರೆ ಏನೂ ಮುರಿಯದೆ, ಏನೂ ಕೊರತೆ ಇಲ್ಲದೆ ಇಡಿಯಾಗಿ ಇರೋದು. ಅದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಕ್ರಿಯಾಪದಕ್ಕೆ "ಸಾಲ ತೀರಿಸು" ಅನ್ನೋ ಅರ್ಥ ಇದೆ. ಕಂತು ಕಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕನ್ನಡ ಬೈಬಲ್ಲುಗಳಲ್ಲಿ ಇದಕ್ಕೆ ಕೆಲವು ಕಡೆ ಶಾಂತಿ, ಕೆಲವು ಕಡೆ ಸಮಾಧಾನ ಅಂತ ಹಾಕಿದ್ದಾರೆ. (ಬೈಬಲ್ ಕನ್ನಡಕ್ಕೆ ಬಂದ ಕಥೆಯಲ್ಲಿ ನಮ್ಮೂರಿಗೆ ದೊಡ್ಡ ಪಾಲಿದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಇಲ್ಲೇ ಕನ್ನಡ ಕಲಿತು ಅನುವಾದಕ್ಕೆ ಕೂತವರು. ಆತನೂ ಈ ಒಂದು ಪದಕ್ಕೆ ಸಾಕಷ್ಟು ತಲೆ ಕೆಡಿಸಿಕೊಂಡಿರಬೇಕು.) ನನಗೆ ಸಮಾಧಾನ ಅನ್ನೋದೇ ಹತ್ತಿರ. ಯಾಕಂದ್ರೆ ಅದನ್ನು ನಾವು ದಿನಾ ಬಳಸುತ್ತೇವೆ. ಅಳುವವರಿಗೆ "ಸಮಾಧಾನ ಮಾಡ್ಕೋ" ಅನ್ನುತ್ತೇವೆ. ಅವಸರ ಮಾಡುವವರಿಗೆ "ಸಮಾಧಾನ ಇರ್ರಿ" ಅನ್ನುತ್ತೇವೆ. ಅಂದರೆ ಅಳು ಇರುವಲ್ಲಿ, ಕಾಯುವುದು ಇರುವಲ್ಲಿ ಬರುವ ಪದ ಅದು. ಆರಾಮ ಇದ್ದವರಿಗೆ ಯಾರೂ ಸಮಾಧಾನ ಹೇಳಲ್ಲ.

ಎರಡನೇ ಅರಸುಗಳ ಪುಸ್ತಕದ 4ನೇ ಅಧ್ಯಾಯದಲ್ಲಿ ಶೂನೇಮ್ ಊರಿನ ಒಬ್ಬ ತಾಯಿ ಬರುತ್ತಾಳೆ. ಬಹಳ ವರ್ಷಕ್ಕೆ ಹುಟ್ಟಿದ ಮಗ. ಹೊಲದಲ್ಲಿ "ತಲೆ, ತಲೆ" ಅಂತ ಕೂಗಿಕೊಂಡ. ಮಧ್ಯಾಹ್ನದ ಹೊತ್ತಿಗೆ ತಾಯಿಯ ತೊಡೆ ಮೇಲೆ ಸತ್ತುಹೋದ. ಆಕೆ ಕತ್ತೆ ಹತ್ತಿ ಪ್ರವಾದಿ ಎಲೀಷನ ಹತ್ತಿರ ಹೊರಟಳು. ದಾರಿಯಲ್ಲಿ ಅವನ ಆಳು ಎದುರಾಗಿ, ನಿನಗೆ ಶಾಲೋಮಾ, ನಿನ್ನ ಗಂಡನಿಗೆ ಶಾಲೋಮಾ, ಮಗುವಿಗೆ ಶಾಲೋಮಾ ಅಂತ ಕೇಳಿದ. ಅವಳು "ಶಾಲೋಮ್" ಅಂದಳು. ಆರಾಮ ಅಂದಂತೆಯೇ. ನಾವೂ ಹಾಗೇ ಅಲ್ವಾ? ಮನೆಯಲ್ಲಿ ಏನೇ ಆಗಿರಲಿ, ಬಸ್‌ಸ್ಟಾಂಡಿನಲ್ಲಿ ಸಿಕ್ಕವರಿಗೆ "ಹ್ಞೂಂ, ಆರಾಮ" ಅಂದು ಬರುತ್ತೇವೆ.

ಆದರೆ ಎಲೀಷನ ಮುಂದೆ ಹೋದ ತಕ್ಷಣ ಅವಳು ಅವನ ಕಾಲು ಹಿಡಿದುಬಿಟ್ಟಳು. ಆಳು ಅವಳನ್ನು ದೂಡೋಕೆ ಬಂದ. ಪ್ರವಾದಿ, ಬಿಡು ಅವಳನ್ನ, ಜೀವ ನೊಂದಿದೆ ಅಂದ. ಅವಳು ಬಾಯಿಬಿಟ್ಟು ಕೇಳಿದಳು: ನನಗೆ ಮಗ ಬೇಕು ಅಂತ ನಾನು ಕೇಳಿದ್ದೆನಾ? ಆಮೇಲೆ ಆ ಮಗು ಬದುಕಿತು ಅನ್ನೋದು ಕಥೆಯ ಮುಂದಿನ ಭಾಗ. ನನಗೆ ಮುಖ್ಯ ಅನ್ನಿಸೋದು ಅದಕ್ಕಿಂತ ಮುಂಚಿನ ಆ ಕ್ಷಣ. ಆಳಿಗೆ ಹೇಳಿದ ಆರಾಮ ಒಂದು, ಪ್ರವಾದಿಯ ಕಾಲು ಹಿಡಿದಾಗ ಬಂದ ಮಾತು ಇನ್ನೊಂದು. ಬೈಬಲ್ಲಿನ ಸಮಾಧಾನ ಶುರುವಾಗೋದು ಎರಡನೆಯದರಿಂದ. ಇದೇ ಕಾರಣಕ್ಕೆ ಬೈಬಲ್ಲಿನ ಹಾಡುಗಳಾದ ಕೀರ್ತನೆಗಳಲ್ಲಿ ಅಷ್ಟೊಂದು ಗೋಳಾಟ ಇದೆ. 88ನೇ ಕೀರ್ತನೆಯಂತೂ ಕತ್ತಲೆ ಅನ್ನೋ ಪದದ ಹತ್ತಿರವೇ ಮುಗಿಯುತ್ತೆ. ಕೊನೆಗೊಂದು ಸ್ತೋತ್ರ ಸೇರಿಸಿ ಅದನ್ನು ಸರಿ ಮಾಡೋಕೆ ಯಾರೂ ಹೋಗಿಲ್ಲ.

ಕ್ಯಾಲೆಂಡರಿನ ವಚನಕ್ಕೆ ಹಿಂದೆ ಮುಂದೆ ಏನಿದೆ

ಈಗ ಅಪ್ಪನ ಕ್ಯಾಲೆಂಡರಿಗೆ ಬರೋಣ. ಯೆರೆಮೀಯ 29 ಒಂದು ಕಾಗದ. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ರಾಜ ಯೆರೂಸಲೇಮಿನ ರಾಜನನ್ನು, ದೊಡ್ಡ ಮನುಷ್ಯರನ್ನು, ಕಮ್ಮಾರ ಬಡಗಿಗಳನ್ನು ಸೆರೆಹಿಡಿದು ಒಯ್ದ. ಹಾಗೆ ಊರು ಬಿಟ್ಟು ಹೋದವರಿಗೆ ಯೆರೆಮೀಯ ಬರೆದ ಕಾಗದ ಇದು. ಅವರೆಲ್ಲ ಕೇಳುತ್ತಿದ್ದದ್ದು ಒಂದೇ: ವಾಪಸ್ ಯಾವಾಗ?

ಹನನ್ಯ ಅನ್ನೋ ಇನ್ನೊಬ್ಬ ಪ್ರವಾದಿ ಇದ್ದ. ಎರಡೇ ವರ್ಷ, ಎಲ್ಲ ಸರಿಹೋಗುತ್ತೆ ಅಂದ. ಜನಕ್ಕೆ ಅವನ ಮಾತೇ ಇಷ್ಟ. ಯಾರಿಗೆ ಇಷ್ಟ ಆಗಲ್ಲ ಹೇಳಿ? ಯೆರೆಮೀಯ ಮಾತ್ರ ಅವನದು ಸುಳ್ಳು ಅಂತ ಮುಖಕ್ಕೇ ಹೇಳಿ, 70 ವರ್ಷ ಅಂತ ಕಾಗದದಲ್ಲಿ ಬರೆದ. ಕ್ಯಾಲೆಂಡರಿನಲ್ಲಿ ಅಚ್ಚಾಗುವ 11ನೇ ವಚನಕ್ಕೆ ಸರಿಯಾಗಿ ಹಿಂದಿನ ಸಾಲು, 10ನೇ ವಚನ, ಅದೇ. 40 ವಯಸ್ಸಿನವನು ಅದನ್ನು ಕೇಳಿದರೆ ಲೆಕ್ಕ ಹಾಕಿಕೊಳ್ಳುತ್ತಾನೆ, ತಾನು ಊರು ನೋಡೋದಿಲ್ಲ ಅಂತ. ಅಂಥವನಿಗೂ ಸೇರಿಸಿಯೇ ದೇವರು ಹೇಳಿದ್ದು, ನಿಮಗಾಗಿ ನನ್ನ ಯೋಚನೆ ಶಾಲೋಮಿನ ಯೋಚನೆ ಅಂತ. ಹೌದು, ಅಲ್ಲಿ "ಹಿತ" ಅಂತ ಓದೋದು ಮೂಲದಲ್ಲಿ ಅದೇ ಪದ.

ಹಾಗಾದರೆ ಆ 70 ವರ್ಷ ಏನು ಮಾಡೋದು? ಕಾಗದದಲ್ಲಿ ಅದೂ ಇದೆ. ಮನೆ ಕಟ್ಟಿಕೊಳ್ಳಿ. ತೋಟ ಮಾಡಿ, ಅದರ ಫಲ ಉಣ್ಣಿ. ಮದುವೆ ಆಗಿ, ಮಕ್ಕಳಿಗೆ ಮದುವೆ ಮಾಡಿ. ನೀವಿರುವ ಆ ಪರದೇಶದ ಪಟ್ಟಣದ ಶಾಲೋಮಿಗಾಗಿ ದುಡಿಯಿರಿ, ಪ್ರಾರ್ಥಿಸಿ. ಅದರ ಶಾಲೋಮಿನಲ್ಲೇ ನಿಮ್ಮ ಶಾಲೋಮ್ ಇದೆ. ಸೆರೆ ಹಿಡಿದವರ ಊರು ಅದು! ಗಂಟುಮೂಟೆ ಕಟ್ಟಿಟ್ಟುಕೊಂಡು ನಾಳೆ ನಾಡಿದ್ದು ಅಂತ ಕೂರಬೇಡಿ ಅಂತ ಅರ್ಥ.

ಇಷ್ಟನ್ನು ಅಪ್ಪನಿಗೆ ಕೂರಿಸಿ ಓದಿ ಹೇಳಿದವರು ನಮ್ಮ ಆಗಿನ ಪಾಸ್ಟರ್. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಲಾರಿ ಮಾರಬೇಕು ಅಯ್ಯನೋರೇ" ಅಂದರು. ಪಾಸ್ಟರ್ ಗಾಬರಿಯಾದರು. ಅವರು ಲಾರಿ ಮಾತೇ ಎತ್ತಿರಲಿಲ್ಲ. ಆದರೆ ಅಪ್ಪನಿಗೆ ಅಷ್ಟು ತಿಂಗಳು ಹೊಳೆಯದ್ದು ಅವತ್ತು ಹೊಳೆದಿತ್ತು. ಗಣಿ ಇವತ್ತು ತೆಗೀತಾರೆ, ನಾಳೆ ತೆಗೀತಾರೆ ಅಂತ ಅವರೂ ಎರಡೇ ವರ್ಷದ ಹನನ್ಯನ ಮಾತಿಗೆ ಜೋತುಬಿದ್ದಿದ್ದರು. ಒಂದಷ್ಟು ಗಣಿಗಳಿಗೆ ಕೋರ್ಟ್ ಅನುಮತಿ ಕೊಟ್ಟಿದ್ದು 2012ರ ಸೆಪ್ಟೆಂಬರಿನಲ್ಲಿ. ಅಲ್ಲಿಯವರೆಗೆ ಕಾದಿದ್ದರೆ ಬಡ್ಡಿಯೇ ನಮ್ಮನ್ನು ನುಂಗುತ್ತಿತ್ತು. ಲಾರಿ ನಷ್ಟಕ್ಕೇ ಹೋಯಿತು. ಅಪ್ಪ ಶಾಲೆ ಮಕ್ಕಳ ವ್ಯಾನ್ ಓಡಿಸೋಕೆ ಹೋದರು, ಬೇರೆಯವರ ಗಾಡಿಗೆ, ಸಂಬಳಕ್ಕೆ.

ಶಾಂತಿ ಎಲ್ಲಿಂದ ಬರುತ್ತೆ

ಇಷ್ಟಕ್ಕೇ ನಿಂತರೆ, ಇದು ಒಳ್ಳೆಯ ಬುದ್ಧಿಮಾತು ಅಷ್ಟೇ ಅನ್ನಿಸಬಹುದು. ಬಂದದ್ದನ್ನು ಒಪ್ಪಿಕೋ, ಕೆಲಸ ನೋಡು. ಇದನ್ನು ಯಾವ ಹಿರಿಯರೂ ಹೇಳುತ್ತಾರೆ. ಕ್ರೈಸ್ತ ನಂಬಿಕೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತೆ. ಆ ಹೆಜ್ಜೆ ಯೇಸುವಿನ ಮೇಲೆ ನಿಂತಿದೆ.

ಯೇಸುವಿನ ಕಥೆ ಬರುವ, ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಶಾಂತಿಗೆ ಎರಡು ಪದರ ಇವೆ. ಒಂದು, ದೇವರೊಂದಿಗೆ ಶಾಂತಿ. ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯ ಇದರಿಂದಲೇ ಶುರುವಾಗುತ್ತೆ. ಮನುಷ್ಯನಿಗೂ ದೇವರಿಗೂ ನಡುವೆ ಕೆಟ್ಟುಹೋಗಿದ್ದ ಸಂಬಂಧವನ್ನು ಯೇಸು ಶಿಲುಬೆಯಲ್ಲಿ ಸರಿಮಾಡಿದ, ಆ ಸಾಲ ತೀರಿತು ಅನ್ನೋದು ಇದರ ತಿರುಳು. ಎರಡನೆಯದು, ದೇವರಿಂದ ಮನಸ್ಸಿಗೆ ಸಿಗುವ ಶಾಂತಿ. ಮೊದಲನೆಯದು ಬುಡ, ಎರಡನೆಯದು ಅದರ ಮೇಲೆ ಬರುವ ಚಿಗುರು. ಚಿಗುರು ಬಾಡಬಹುದು, ಬುಡ ಹೋಗಲ್ಲ ಅಂತ ಕ್ರೈಸ್ತರು ನಂಬುತ್ತಾರೆ. ಕಷ್ಟ ಬಂದ ಕೂಡಲೇ "ದೇವರಿಗೆ ನನ್ನ ಮೇಲೆ ಸಿಟ್ಟು ಬಂದಿದೆ" ಅಂತ ಹೆದರುವವರಿಗೆ ಈ ಮೊದಲ ಪದರ ಬಹಳ ದೊಡ್ಡದು. ಸಿಟ್ಟಿನ ಲೆಕ್ಕ ಮುಗಿದಿದೆ, ಈ ಕಷ್ಟ ಆ ಬಾಕಿಯ ವಸೂಲಿ ಅಲ್ಲ ಅಂತ ಅದು ಹೇಳುತ್ತೆ.

ನಮ್ಮ ಮನೆಗೆ ಬಂದ ಒಬ್ಬ ಹಿರಿಯರಿಗೆ ಇದು ಗೊತ್ತಿರಲಿಲ್ಲವೋ, ಮರೆತಿತ್ತೋ. "ಮನೆಯೊಳಗ ಏನಾದ್ರೂ ಗುಟ್ಟಿನ ಪಾಪ ಐತೇನು ನೋಡ್ಕಳ್ರಿ" ಅಂದರು. ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ. ಬೈಬಲ್ಲಿನಲ್ಲಿ, ತಪ್ಪಿಲ್ಲದೆಯೇ ಎಲ್ಲ ಕಳೆದುಕೊಂಡ ಯೋಬನ ಗೆಳೆಯರೂ ಇಂಥವರೇ. ಅವರು ಬಂದು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯವರೆಗೆ ಚೆನ್ನಾಗಿತ್ತು. ಆಮೇಲೆ ಬಾಯಿ ತೆಗೆದರು, ಕೆಟ್ಟರು. ನಿನ್ನದೇ ತಪ್ಪು ಇರಬೇಕು ಅಂತ ವಾದ ಹೂಡಿದರು. ಪುಸ್ತಕದ ಕೊನೆಯಲ್ಲಿ ದೇವರು ಬೈದದ್ದು ಆ ಗೆಳೆಯರನ್ನೇ. ನಂಬಿಕೆ ಜಾಸ್ತಿ ಇದ್ದರೆ ದುಡ್ಡು, ಆರೋಗ್ಯ, ಕಾರು ಎಲ್ಲ ಬರುತ್ತೆ ಅಂತ ಟಿವಿಯಲ್ಲಿ ಬೋಧಿಸುವವರು ಇದೇ ವಾದವನ್ನು ಸೂಟು ಹಾಕಿಕೊಂಡು ಹೇಳುತ್ತಾರೆ. ನನಗೆ ಅದನ್ನು ಕೇಳಿದರೆ ಇವತ್ತಿಗೂ ಮೈ ಉರಿಯುತ್ತೆ.

ಯೇಸು ತನ್ನ ಶಾಂತಿಯನ್ನು ಶಿಷ್ಯರಿಗೆ ಕೊಟ್ಟು ಹೋಗುತ್ತೇನೆ ಅಂದದ್ದು ಯಾವಾಗ ಅಂತ ನೋಡಿ. ಯೋಹಾನ 14ರ ಆ ಮಾತು ಬಂದದ್ದು ಕೊನೆಯ ಊಟದ ರಾತ್ರಿ. ಮಾರನೇ ದಿನ ಶಿಲುಬೆ. ನಿಮ್ಮ ಹೃದಯ ಕಳವಳಪಡದಿರಲಿ ಅಂತಲೂ ಅದೇ ಅಧ್ಯಾಯದಲ್ಲಿ ಹೇಳುತ್ತಾನೆ. ಆದರೆ ಅದಕ್ಕೆ ಸರಿಯಾಗಿ ಹಿಂದಿನ ಅಧ್ಯಾಯದಲ್ಲಿ ಯೇಸುವೇ ಕಳವಳಗೊಂಡ ಅಂತ ಬರೆದಿದೆ. ಗ್ರೀಕಿನಲ್ಲಿ ಎರಡೂ ಕಡೆ ಒಂದೇ ಪದ, ಕೆರೆಯ ನೀರು ಕದಡಿದ ಹಾಗೆ ಕದಡೋದು. ಅದೇ ರಾತ್ರಿ ಗೆತ್ಸೆಮನೆ ತೋಟದಲ್ಲಿ ಸಾಧ್ಯವಾದರೆ ಈ ಪಾತ್ರೆ, ಅಂದರೆ ಬರಲಿರುವ ಈ ಸಂಕಟ, ನನ್ನಿಂದ ದೂರ ಹೋಗಲಿ ಅಂತ ಬೇಡಿಕೊಂಡ. ಅದು ದೂರ ಹೋಗಲಿಲ್ಲ. ಅಂದರೆ ಶಾಂತಿ ಕೊಡುವವನೇ ಕಳವಳ ಪಟ್ಟಿದ್ದಾನೆ, ಬೇಡಿದ್ದು ಸಿಗದೆ ಎದ್ದು ನಡೆದಿದ್ದಾನೆ. ಎದೆ ಡವಡವ ಅಂದರೆ ನಂಬಿಕೆ ಇಲ್ಲ ಅಂತ ಯಾರಾದರೂ ಅಂದರೆ ಈ ತೋಟ ತೋರಿಸಿ.

ಮೂರನೇ ದಿನ ಏನಾಯಿತು ಅನ್ನೋದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಶಿಷ್ಯರು ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದರು. ಶಿಲುಬೆಯಲ್ಲಿ ಸತ್ತು ಮತ್ತೆ ಜೀವಂತ ಎದ್ದ ಯೇಸು ನಡುವೆ ಬಂದು ನಿಂತು ಮೊದಲು ಆಡಿದ ಮಾತು, ನಿಮಗೆ ಶಾಂತಿ. ಮರುಕ್ಷಣ ಕೈಯನ್ನೂ ಪಕ್ಕೆಯನ್ನೂ ತೋರಿಸಿದ. ಗಾಯಗಳು ಹಾಗೇ ಇದ್ದವು. ಸಾವೇ ಕೊನೆ ಮಾತಲ್ಲ ಅಂತ ಕ್ರೈಸ್ತರು ಹೇಳೋದು ಈ ಘಟನೆ ಇಟ್ಟುಕೊಂಡು. ಕಥೆಯ ಕೊನೆ ಗೊತ್ತು, ನಡುವಿನ ಪುಟಗಳು ಗೊತ್ತಿಲ್ಲ. ಮುಂದಿನ ತಿಂಗಳ ಬಾಡಿಗೆ ಎಲ್ಲಿಂದ ಅನ್ನೋದು ಆ ನಡುವಿನ ಪುಟ. ಅದನ್ನು ಮೊದಲೇ ಓದಿಸೋದಿಲ್ಲ, ಆದರೆ ಓದುವಾಗ ಪಕ್ಕದಲ್ಲಿ ಒಬ್ಬರಿರುತ್ತಾರೆ. ಕ್ರೈಸ್ತರಿಗೆ ಕೊಟ್ಟಿರುವ ಭರವಸೆ ಇಷ್ಟು.

ಕಾವಲು

ಊರೂರು ತಿರುಗಿ ಯೇಸುವಿನ ಸುದ್ದಿ ಸಾರಿದ ಪೌಲ, ಫಿಲಿಪ್ಪಿ ಊರಿನವರಿಗೆ ಪತ್ರ ಬರೆದದ್ದು ಸೆರೆಯಿಂದ. ಯಾವುದಕ್ಕೂ ಚಿಂತೆ ಮಾಡಬೇಡಿ, ಎಲ್ಲವನ್ನೂ ದೇವರಿಗೆ ತಿಳಿಸಿ, ಬೇಡಿ, ಜೊತೆಗೆ ಉಪಕಾರ ನೆನೆಯಿರಿ. ಆಗ ಬುದ್ಧಿಗೆ ನಿಲುಕದ ದೇವರ ಶಾಂತಿ ನಿಮ್ಮ ಹೃದಯವನ್ನೂ ಯೋಚನೆಯನ್ನೂ ಕಾಯುತ್ತೆ ಅಂತ 4ನೇ ಅಧ್ಯಾಯದಲ್ಲಿ ಹೇಳುತ್ತಾನೆ. ಇಲ್ಲಿ "ಕಾಯುತ್ತೆ" ಅನ್ನೋದಕ್ಕೆ ಅವನು ಹಾಕಿದ ಗ್ರೀಕ್ ಪದ ಸೈನ್ಯದ್ದು. ಪಟ್ಟಣಕ್ಕೆ ಸಿಪಾಯಿಗಳನ್ನು ಕಾವಲಿಗೆ ಹಾಕೋದು. ಫಿಲಿಪ್ಪಿ ಎಂಬುದು ನಿವೃತ್ತ ರೋಮನ್ ಸೈನಿಕರನ್ನು ತಂದು ನೆಲೆಗೊಳಿಸಿದ ಊರು. ಅಲ್ಲಿನವರಿಗೆ ಆ ಪದ ಪಕ್ಕದ ಮನೆಯ ಮಾತು. ಬಳ್ಳಾರಿಯ ನಮಗೂ ಕಷ್ಟವಿಲ್ಲ. ಕೋಟೆ ಗುಡ್ಡ ದಿನಾ ಕಣ್ಣೆದುರಿಗೇ ಇದೆ, ಊರಿನ ಅರ್ಧ ಹಳೆ ಹೆಸರುಗಳು ಕಂಟೋನ್ಮೆಂಟಿನ ಕಾಲದವು.

ಕಾವಲು ಯಾವಾಗ ಬೇಕು? ಹೊರಗೆ ಶತ್ರು ಇದ್ದಾಗ. ಶತ್ರುವೇ ಇಲ್ಲದ ಊರಿಗೆ ಕಾವಲಿಲ್ಲ. ಹಾಗಾಗಿ ಪೌಲನ ಲೆಕ್ಕದಲ್ಲಿ ಚಿಂತೆ ಬಾಗಿಲಿಗೆ ಬರುತ್ತೆ, ಬಡಿಯುತ್ತೆ. ಒಳಗೆ ಬಂದು ಮನೆ ಯಜಮಾನ ಆಗೋಕೆ ಮಾತ್ರ ಬಿಡಲ್ಲ. ಇನ್ನೊಂದು ಮಜಾ ಇದೆ. ಚಿಂತೆ ಬೇಡ ಅಂದ ಇದೇ ಪೌಲ, ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ, ಎಲ್ಲ ಸಭೆಗಳ, ಅಂದರೆ ಚರ್ಚುಗಳ, ಚಿಂತೆ ದಿನಾ ನನ್ನನ್ನು ಒತ್ತುತ್ತೆ ಅಂತ ಬರೆದುಕೊಂಡಿದ್ದಾನೆ. ಚಿಂತೆ ಅನ್ನೋದಕ್ಕೆ ಎರಡೂ ಪತ್ರಗಳಲ್ಲಿ ಒಂದೇ ಬೇರಿನ ಪದ. ಎಲ್ಲ ಸ್ಥಿತಿಯಲ್ಲೂ ತೃಪ್ತಿಯಿಂದ ಇರೋದನ್ನು ನಾನು ಕಲಿತಿದ್ದೇನೆ ಅಂತಲೂ ಬರೆಯುತ್ತಾನೆ. ಕಲಿತಿದ್ದೇನೆ. ಹುಟ್ಟುತ್ತಲೇ ಬಂದಿದ್ದಲ್ಲ, ಒಂದು ಪ್ರಾರ್ಥನೆಗೆ ಬಿದ್ದದ್ದೂ ಅಲ್ಲ.

ನಮ್ಮ ಮನೆಯಲ್ಲಿ ಆ ಕಲಿಕೆ ಒಂದು ಟ್ರಿಪ್ ಪುಸ್ತಕದಲ್ಲಿ ನಡೆಯಿತು. ಅದಿರಿನ ಟ್ರಿಪ್ಪು, ಡೀಸೆಲ್ಲು, ಟೋಲು ಬರೆದಿಡುತ್ತಿದ್ದ ಉದ್ದನೆಯ ಪುಸ್ತಕ. ಜುಲೈ ಆದ ಮೇಲೆ ಖಾಲಿ. ಲಾರಿ ಹೋದ ಮೇಲೆ ಅಪ್ಪ ಅದರಲ್ಲಿ ರಾತ್ರಿ ಪ್ರಾರ್ಥನೆಗೆ ಮುಂಚೆ ಬರೆಯೋಕೆ ಶುರು ಮಾಡಿದರು. ಎಡ ಪುಟದಲ್ಲಿ ಆ ದಿನ ದೇವರ ಹತ್ತಿರ ಕೇಳೋದು, ಬಲ ಪುಟದಲ್ಲಿ ಬಂದದ್ದು. ಎಡಗಡೆ: "ಫೈನಾನ್ಸ್, 5ನೇ ತಾರೀಕು." "ಪಾಪುಗೆ ಫೀಸು." "ರಾತ್ರಿ ನಿದ್ದೆ." ಬಲಗಡೆ: "ವ್ಯಾನ್ ಓನರ್ ಅಡ್ವಾನ್ಸ್ ಕೊಟ್ಟ." "ಟೈರ್ ಎರಡು ಮಾರಿದೆ." "ಮಧ್ಯಾಹ್ನ ಮಲಗಿದೆ." ತಿಳಿಸೋದು, ಬೇಡೋದು, ಉಪಕಾರ ನೆನೆಯೋದು. ಪೌಲನ ಮೂರೂ ಅದರಲ್ಲಿವೆ. ಅಪ್ಪನಿಗೆ ಫಿಲಿಪ್ಪಿ ಪತ್ರ ನೆನಪಿತ್ತೋ ಇಲ್ಲವೋ, ನಾನು ಕೇಳಿಲ್ಲ. ಲಾರಿ ಲೆಕ್ಕದವರು, ಜಮಾ ಖರ್ಚು ಬರೆಯದೆ ಮಲಗಿ ಅಭ್ಯಾಸವಿಲ್ಲ.

ನಾಳೆ ಮತ್ತು ನೀರು

ನಮ್ಮ ಅತ್ತೆ ಮನೆ ಮಾನ್ವಿ ಕಡೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಅಲ್ಲಿನವರಿಗೆ ನಾಳೆ ಅನ್ನೋದು ಯಾವಾಗಲೂ ಪ್ರಶ್ನೆಯೇ. ಮೇಲಿನವರು ಬಿಟ್ಟರೆ ನೀರು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೇ ಗೇಟು ಚೈನ್ ಕಿತ್ತು ಕೊಚ್ಚಿಹೋಯಿತು. ಜಲಾಶಯ ಆಗಷ್ಟೇ ತುಂಬಿತ್ತು. ಅತ್ತೆಯ ಮನೆಯಲ್ಲಿ ಭತ್ತದ ನಾಟಿಗೆ ಸಾಲ ಮಾಡಿ ಗೊಬ್ಬರ ತಂದಿಟ್ಟಿದ್ದರು. ಫೋನ್ ಮಾಡಿದರೆ ಮಾವ, "ಟಿವಿ ಹಚ್ಕೊಂಡು ನೀರು ಹೋಗೋದು ನೋಡ್ಲಿಕ್ಕತ್ತೀವಿ" ಅಂದರು. ಒಂದು ವಾರದಲ್ಲಿ ತುಂಬಿ ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟು ಕೂರಿಸಿದರು. ದೇವರೇ ಉಳಿಸಿದ ಅಂತ ಚರ್ಚಿನಲ್ಲಿ ಸಾಕ್ಷಿ ಹೇಳಿದವರುಂಟು. ಹೇಳಲಿ. ನಾನಾದರೆ ಪ್ರಾಣ ಪಣಕ್ಕಿಟ್ಟು ಆ ಗೇಟು ಇಳಿಸಿದ ಕೆಲಸಗಾರರನ್ನೂ ಸೇರಿಸಿ ಹೇಳುತ್ತೇನೆ. ಆಮೇಲೆ ಹಳೆ ಗೇಟುಗಳನ್ನೆಲ್ಲ ಬದಲಿಸಬೇಕು, ಎರಡನೇ ಬೆಳೆಗೆ ನೀರು ಕಷ್ಟ ಅನ್ನೋ ಮಾತು ಬಂತು. ಒಂದು ಚಿಂತೆ ತೀರುವಷ್ಟರಲ್ಲಿ ಇನ್ನೊಂದು.

ಇಂಥವರ ಮುಂದೆ ನಾಳೆಯ ಚಿಂತೆ ಬಿಡಿ, ಹಕ್ಕಿಗಳನ್ನು ನೋಡಿ ಅನ್ನೋ ಮತ್ತಾಯ 6ನೇ ಅಧ್ಯಾಯ ಓದೋದು ಹೇಗೆ? ಸುಮ್ನೆ ಓದಿದರೆ ಹಾಸ್ಯ ಮಾಡಿದ ಹಾಗಾಗುತ್ತೆ. ಆದರೆ ಆ ಅಧ್ಯಾಯ ಕೇಳಿಸಿಕೊಂಡವರೂ ದಿನಗೂಲಿಯವರು, ಬೆಸ್ತರು, ರೈತರು. ದಿನದ ರೊಟ್ಟಿ ಕೊಡು ಅನ್ನೋ ಪ್ರಾರ್ಥನೆ ಕಲಿಸಿದ್ದೂ ಅದೇ ಅಧ್ಯಾಯದಲ್ಲಿ. ಕೇಳಬೇಕಾದದ್ದು ಇವತ್ತಿನದು. ಮರಳುಗಾಡಿನಲ್ಲಿ ಇಸ್ರಾಯೇಲರಿಗೆ ಮನ್ನ ಅನ್ನೋ ಆಹಾರ ಸಿಕ್ಕಾಗಲೂ ಹೀಗೇ. ನಾಳೆಗೆ ಇರಲಿ ಅಂತ ಎತ್ತಿಟ್ಟದ್ದಕ್ಕೆ ಹುಳ ಬಿತ್ತು. ಇದರರ್ಥ ಬೆಳೆ ವಿಮೆ ಮಾಡಿಸಬಾರದು, ಉಳಿತಾಯ ಬೇಡ ಅಂತ ಅಲ್ಲ. ಇದೇ ಬೈಬಲ್ಲಿನಲ್ಲಿ ಯೋಸೇಫ ಏಳು ವರ್ಷ ಕಣಜ ತುಂಬಿ ಮುಂದಿನ ಏಳು ವರ್ಷದ ಬರಕ್ಕೆ ಊಟ ಹಾಕಿದ. ನಾಳೆಗೆ ಕಾಳು ಕೂಡಿಡಬಹುದು. ನಾಳೆಯ ದುಃಖವನ್ನು ಇವತ್ತೇ ತಂದು ಉಣ್ಣಬೇಡ ಅನ್ನೋದು ಯೇಸುವಿನ ಮಾತು. ಆಯಾ ದಿನದ ಪಾಡು ಆ ದಿನಕ್ಕೆ ಸಾಕು ಅಂತ ಅಧ್ಯಾಯ ಮುಗಿಯುತ್ತೆ. ಪಾಡು ಇರಲ್ಲ ಅಂತ ಎಲ್ಲೂ ಹೇಳಿಲ್ಲ.

ಅತ್ತೆಗೆ ಇಷ್ಟದ್ದು ಬೇರೆ ಭಾಗ. ಹಬಕ್ಕೂಕ ಅನ್ನೋ ಸಣ್ಣ ಪುಸ್ತಕ, ಮೂರೇ ಅಧ್ಯಾಯ. ಅದರ ಕೊನೆಯಲ್ಲಿ ಒಬ್ಬ ಮನುಷ್ಯ ತನ್ನ ನಷ್ಟದ ಪಟ್ಟಿ ಹಾಕುತ್ತಾನೆ: ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಬಿಡದಿದ್ದರೂ, ಎಣ್ಣೆ ಮರ ಕೈಕೊಟ್ಟರೂ, ಹೊಲ ಬೆಳೆಯದಿದ್ದರೂ, ಹಟ್ಟಿಯಲ್ಲಿ ಕುರಿ ಇಲ್ಲದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ನಾನು ದೇವರಲ್ಲಿ ಸಂತೋಷಪಡುತ್ತೇನೆ. ಅತ್ತೆ ಅದನ್ನು ಓದುವಾಗ "ಭತ್ತ, ಹತ್ತಿ, ಮೆಣಸಿನಕಾಯಿ" ಅಂತ ಸೇರಿಸಿಕೊಂಡು ಓದುತ್ತಾರೆ. ಇದನ್ನು ಹೇಳುವ ಹಬಕ್ಕೂಕ ಧೈರ್ಯವಂತನೇನಲ್ಲ. ಅದರ ಹಿಂದಿನ ಸಾಲಿನಲ್ಲೇ ಹೊಟ್ಟೆ ತಳಮಳಿಸಿತು, ತುಟಿ ಅದುರಿತು, ಕಾಲು ನಡುಗಿತು ಅಂತಾನೆ. ನಡುಗುತ್ತಲೇ ಹಾಡಿದವನು.

ಮೊದಲು ರೊಟ್ಟಿ

ಇನ್ನೊಂದು ಮಾತು ಹೇಳದೆ ಇದನ್ನು ಬಿಡೋಕಾಗಲ್ಲ. ಪ್ರವಾದಿ ಎಲೀಯ ಒಮ್ಮೆ ಸೋತು ಸುಣ್ಣವಾಗಿ, ಕಾಡಿನಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಅಂತ ದೇವರನ್ನು ಕೇಳಿದ. ಆಗ ದೇವರು ಉಪದೇಶ ಮಾಡಲಿಲ್ಲ. ಎಲೀಯ ಮಲಗಿದ. ದೇವದೂತ ತಟ್ಟಿ ಎಬ್ಬಿಸಿ, ಏಳು, ತಿನ್ನು ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಹಾಗೇ ಎಬ್ಬಿಸಿ, ದಾರಿ ನಿನ್ನ ಶಕ್ತಿಗೆ ಮೀರಿದ್ದು, ತಿನ್ನು ಅಂದ. ಮಾತುಕತೆ ಎಲ್ಲ ಆಮೇಲೆ.

ಸಾಯೋ ಯೋಚನೆ ಬರುವವರಿಗೆ, ವಾರಗಟ್ಟಲೆ ನಿದ್ದೆ ಇಲ್ಲದವರಿಗೆ "ಪ್ರಾರ್ಥನೆ ಮಾಡು, ಸರಿಹೋಗುತ್ತೆ" ಅಂತ ಮಾತ್ರ ಹೇಳಿ ಕಳಿಸೋದು ತಪ್ಪು. ಡಾಕ್ಟರ ಹತ್ತಿರ ಹೋಗೋದು, ಮಾತ್ರೆ ನುಂಗೋದು ನಂಬಿಕೆಗೆ ವಿರುದ್ಧ ಅಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಪಾಸ್ಟರುಗಳು, ಫಾದರುಗಳು ಈ ನಂಬರನ್ನು ಚರ್ಚಿನ ಬೋರ್ಡಿಗೆ ಅಂಟಿಸಿದರೆ ಎಷ್ಟೋ ಉಪಕಾರ.

ಹೊಸ ಒಡಂಬಡಿಕೆಯ ಯಾಕೋಬನ ಪತ್ರ ಇನ್ನೂ ನೇರ (ಬಾವಿಯ ಹತ್ತಿರ ಕುರುಬರನ್ನು ಕಂಡ ಯಾಕೋಬ ಬೇರೆ, ಇವನು ಬೇರೆ). ಬಟ್ಟೆ ಇಲ್ಲದವನಿಗೆ, ಆ ದಿನದ ಊಟ ಇಲ್ಲದವನಿಗೆ, ಸಮಾಧಾನದಿಂದ ಹೋಗು, ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು ಅಂತ ಬಾಯಲ್ಲಿ ಹರಸಿ, ಕೈಗೆ ಏನೂ ಕೊಡದಿದ್ದರೆ ಏನು ಬಂತು ಅಂತ ಕೇಳುತ್ತೆ. ಸಮಾಧಾನ ಅನ್ನೋ ಪವಿತ್ರ ಪದವನ್ನೂ ಸುಮ್ಮನೆ ಬಾಯಿಮಾತಿಗೆ ಬಳಸಬಹುದು ಅಂತ ಅವನಿಗೆ ಗೊತ್ತಿತ್ತು.

ಗುಟ್ಟಿನ ಪಾಪ ಹುಡುಕಿ ಅಂದ ಹಿರಿಯರು ಹೋದ ಮಾರನೇ ದಿನ, ಓಣಿ ಕೊನೆ ಮನೆಯ ಅಕ್ಕ ಬಂದರು. ಚರ್ಚಿನ ಮಹಿಳಾ ಸಂಘದವರು. ಕೈಯಲ್ಲಿ ಐದು ಕೆಜಿ ಜೋಳದ ಹಿಟ್ಟು. ಅಮ್ಮ ಮಾತಾಡಲಿಲ್ಲ, ಅವರೂ ಮಾತಾಡಲಿಲ್ಲ. ಒಲೆ ಮುಂದೆ ಕೂತು ಹಿಟ್ಟು ನಾದಿ, ರೊಟ್ಟಿ ಬಡಿಯೋಕೆ ಶುರು ಮಾಡಿದರು. ಪಟ ಪಟ ಪಟ. ನಮ್ಮ ಮನೆಯಲ್ಲಿ ಬಹಳ ದಿನದ ಮೇಲೆ ಬಂದ ಸದ್ದು ಅದು. ಹತ್ತು ಹನ್ನೆರಡು ರೊಟ್ಟಿ ಆದ ಮೇಲೆ ಅಮ್ಮ ಎದ್ದು ಹೋಗಿ ಶೇಂಗಾ ಚಟ್ನಿ ಕುಟ್ಟಿದರು. ಆ ಅಕ್ಕ ಅವತ್ತು ಪ್ರಾರ್ಥನೆ ಮಾಡಿದ್ದು ಹೋಗುವಾಗ, ಬಾಗಿಲಲ್ಲಿ ನಿಂತು, ಅರ್ಧ ನಿಮಿಷ.

ಅಪ್ಪನ ಟ್ರಿಪ್ ಪುಸ್ತಕದಲ್ಲಿ ಆಮೇಲೆ ಒಂದು ಕಡೆ, ಬಲ ಪುಟದಲ್ಲಿ, ತಾರೀಕು ಇಲ್ಲದೆ, "ಹಿಟ್ಟು 5 ಕೆಜಿ" ಅಂತ ಬರೆದಿದೆ. ಆ ಪುಸ್ತಕ ಈಗಲೂ ಟ್ರಂಕಿನಲ್ಲಿದೆ. ಹೋದ ತಿಂಗಳು ತೆಗೆದು ನೋಡಿದೆ. ಎಡ ಪುಟದಲ್ಲಿ ಕೇಳಿದ ಎಷ್ಟಕ್ಕೋ ಬಲಗಡೆ ಏನಾದರೊಂದು ಇದೆ. ಅಣ್ಣನ ಕೆಲಸದ ಬಗ್ಗೆ 2012ರಲ್ಲಿ ಬರೆದದ್ದರ ಎದುರಿಗೆ ಮಾತ್ರ ಇನ್ನೂ ಖಾಲಿ. ಅಪ್ಪ ಆ ಸಾಲನ್ನು ಹೊಡೆದೂ ಹಾಕಿಲ್ಲ.